ಗೋಡೆಯಿಲ್ಲದ ಡಿಸ್ಕು

ಜನವರಿ 9

ಮರೀ,

ತಿಂಗಳಿಗೊಮ್ಮೆ ನಿಮ್ಮ ದ್ವೀಪಕ್ಕೆ ಬರುವ ದೋಣಿಯವನು ನಾಳೆ ಹೊರಡುತ್ತಾನಂತೆ, ಅದಕ್ಕೇ ಅವಸರದಲ್ಲಿ ಬರೆಯುತ್ತಿದ್ದೇನೆ. ಕೆಲಸದ ಸಂದೇಶದ ಬಾಲಕ್ಕೆ ಎರಡು ಸಾಲು ಸೇರಿಸಿ ಕಳಿಸಿದರೆ ಸಾಲದೇ ಎಂದು ನಿಮ್ಮಮ್ಮ ಕೇಳುತ್ತಾಳೆ. ನಿಮ್ಮ ದ್ವೀಪಕ್ಕೆ ಬರುವ ಸಂದೇಶವನ್ನೆಲ್ಲ ಎಲ್ಲರೂ ಓದುತ್ತಾರೆ. ಅಪ್ಪ ಮಗಳ ಮಾತು ನಿಮ್ಮ ಅಡುಗೆಯವನಿಗೆ ಯಾಕೆ? ಕಾಗದವೇ ವಾಸಿ.

ಸುದ್ದಿ ಏನೆಂದರೆ, ನಮ್ಮ ಸಂಸ್ಥೆಗೆ ಹೊಸ ಸರ್ವರ್ ಬಂತು! ನನ್ನ ಕಂಪ್ಯೂಟರ್ ಕೋಣೆಯಲ್ಲಿ ಸಾಲಾಗಿ ನಿಂತಿರುವ ಯಂತ್ರಗಳಿಗೆಲ್ಲ ಇನ್ನು ಇದೇ ಯಜಮಾನ. ನಿಮ್ಮಂಥ ವಿಜ್ಞಾನಿಗಳು ಸಮುದ್ರದ ಲೆಕ್ಕಗಳನ್ನು ಇದಕ್ಕೆ ಒಪ್ಪಿಸುತ್ತೀರಿ, ಇದು ಕೆಲಸವನ್ನು ಉಳಿದವಕ್ಕೆ ಹಂಚುತ್ತದೆ, ಬಂದ ಉತ್ತರಗಳೆಲ್ಲ ಇದರ ಡಿಸ್ಕಿನಲ್ಲಿ ಕೂರುತ್ತವೆ. ಪೆಟ್ಟಿಗೆ ಬಿಚ್ಚುವಾಗ ಯಾರನ್ನೂ ಹತ್ತಿರ ಬಿಡಲಿಲ್ಲ ನಾನು. ನಿವೃತ್ತಿಗೆ ಮುಂಚೆ ಕೊನೆಯ ಯಂತ್ರ ಇದು, ನಾನೇ ಕೂರಿಸಬೇಕು.

ಈಗಿರುವ ತಲೆನೋವು ಡಿಸ್ಕಿನ ಪಾರ್ಟಿಷನ್. ಇಷ್ಟು ದೊಡ್ಡ ಡಿಸ್ಕನ್ನು ಭಾಗ ಮಾಡಬೇಕೋ, ಒಂದೇ ಆಗಿ ಬಿಡಬೇಕೋ? ಪುಸ್ತಕದ ಪ್ರಕಾರ ಯಂತ್ರ ನಡೆಸುವ ತಂತ್ರಾಂಶಕ್ಕೆ ಒಂದು ಚಿಕ್ಕ ಭಾಗ, ನಿಮ್ಮ ಕಡತಗಳಿಗೆ ಒಂದು ದೊಡ್ಡ ಭಾಗ, ನಡುವೆ ಗೋಡೆ. ಹಳೆಯ ಯಂತ್ರದಲ್ಲಿ ಹಾಗೆ ಮಾಡಿ ಪಟ್ಟ ಪಾಡು ಸಾಕು. ಗೋಡೆಯ ಈಚೆ ಜಾಗ ಖಾಲಿ ಬಿದ್ದಿರುತ್ತದೆ, ಆಚೆ ಉಸಿರುಕಟ್ಟುತ್ತದೆ. ಬೆಳಗಾದರೆ ಯಾರಾದರೊಬ್ಬರು ಬಾಗಿಲಲ್ಲಿ ನಿಂತು, "ತಾತ, ಜಾಗ ಇಲ್ಲ ಅಂತಿದೆ, ಸ್ವಲ್ಪ ನೋಡಿ" ಎಂದು ರಾಗ ಎಳೆಯುತ್ತಾರೆ. ಸಂಸ್ಥೆಗೆ ಸಂಸ್ಥೆಯೇ ನನ್ನನ್ನು ತಾತ ಅನ್ನುತ್ತದೆ ಈಗ. ನಿನ್ನ ಮದುವೆಯೇ ಆಗಿಲ್ಲ, ನೋಡು.

ನೀನೇನನ್ನುತ್ತೀಯ ಬರೆ. ಕೇಳಿದ ಮಾತ್ರಕ್ಕೆ ಹಾಗೇ ಮಾಡುತ್ತೇನೆ ಅಂದುಕೊಳ್ಳಬೇಡ.

ಅವಸರದಲ್ಲಿ,
ಅಪ್ಪ

ಫೆಬ್ರವರಿ 3

ಅಪ್ಪಾ,

ಮೊದಲು ತೀರ್ಮಾನ ಮಾಡಿಕೊಂಡು ಆಮೇಲೆ ಅಭಿಪ್ರಾಯ ಕೇಳುವವನು ನೀನು. ನನ್ನ ಕಾಲೇಜು ಆರಿಸಿದಾಗಲೂ ಹೀಗೇ ಮಾಡಿದೆ. ಆದರೂ ಹೇಳುತ್ತೇನೆ: ಭಾಗ ಮಾಡು. ನಾಳೆ ತಂತ್ರಾಂಶ ಕೈಕೊಟ್ಟು ಹೊಸದಾಗಿ ಹಾಕಬೇಕಾಗಿ ಬಂದರೆ, ಬೇರೆ ಭಾಗವಿದ್ದರೆ ನಮ್ಮ ಕಡತಗಳನ್ನು ಯಾರೂ ಮುಟ್ಟಬೇಕಾಗಿಲ್ಲ. ಒಂದೇ ಆಗಿದ್ದರೆ ಎಲ್ಲ ಅಳಿಸಿ ಶುರು ಮಾಡಬೇಕು. ಇದನ್ನು ನನಗೆ ಹೇಳಿಕೊಟ್ಟವನೇ ನೀನು. ಈಗ ನೀನೇ ಪಕ್ಷ ಬದಲಾಯಿಸಿದರೆ ಹೇಗೆ?

ನನ್ನ ಕೆಲಸ ನಿನಗೆ ಗೊತ್ತಲ್ಲ. ನೀರಿನ ಮೇಲೆ ತೇಲುವ ಅಳತೆಯಂತ್ರಗಳು ಕಳಿಸಿದ ಅಂಕಿಗಳಲ್ಲಿ ಸುಳ್ಳು ಅಲೆ ಯಾವುದು, ನಿಜವಾದ ಅಲೆ ಯಾವುದು ಎಂದು ಒಂದೊಂದಾಗಿ ಆರಿಸಬೇಕು. ಕಡಲಹಕ್ಕಿ ಬಂದು ಯಂತ್ರದ ಮೇಲೆ ಕೂತರೆ ಅದೂ ಒಂದು ಅಲೆ ಎಂದು ದಾಖಲಾಗುತ್ತದೆ! ಈ ದ್ವೀಪಕ್ಕೆ ಬಂದಾಗಿನಿಂದ, ಅಂದರೆ ಎರಡು ವರ್ಷ, ಹಕ್ಕಿಗಳನ್ನು ಓಡಿಸುವುದೇ ನನ್ನ ಕೆಲಸ. ಮೂಲ ಅಂಕಿಗಳು ಇಲ್ಲಿವೆ, ಆರಿಸಿ ಸೋಸಿದ್ದು ಮಾತ್ರ ಪೂರ್ತಿ ನಿನ್ನ ಯಂತ್ರದಲ್ಲಿದೆ. ಹಾಗಾಗಿ ಸ್ವಲ್ಪ ನೋಡಿಕೊಂಡು ಮಾಡು.

ಅಮ್ಮನಿಗೆ ಕೈಚೀಲ ಹೆಣೆಯುತ್ತಿದ್ದೇನೆ ಎಂದು ಹೇಳು. ಚೆನ್ನಾಗಿ ಬರುತ್ತಿಲ್ಲ ಎಂದು ಹೇಳಬೇಡ.

ನಿನ್ನ ಮಾತು ಕೇಳದ ಮಗಳು

ಫೆಬ್ರವರಿ 10

ಮರೀ,

ನಿನ್ನ ಮಾತಿಗೆ ಬೆಲೆ ಕೊಟ್ಟು ಪೂರ್ತಿ ಒಂದು ಮಧ್ಯಾಹ್ನ ಯೋಚಿಸಿದೆ. ಆಮೇಲೆ ನನಗೆ ತೋಚಿದ್ದನ್ನೇ ಮಾಡಿದೆ. ಒಂದೇ ಪಾರ್ಟಿಷನ್, ಗೋಡೆಗೀಡೆ ಇಲ್ಲ. ಇನ್ನು ಜಾಗ ಇಲ್ಲ ಎಂದು ಯಾವನಾದರೂ ಬಾಗಿಲಿಗೆ ಬರಲಿ, ನೋಡುತ್ತೇನೆ!

ಅಳಿಸಿ ಶುರು ಮಾಡುವ ಮಾತು ಬರೆದಿದ್ದೀಯ. ಅದಕ್ಕೇ ತಾನೇ ಬ್ಯಾಕಪ್ ಇರುವುದು? ಹೊಸ ಯಂತ್ರದ ಜೊತೆಗೇ ಬೇರೆ ಡಿಸ್ಕ್ ಪೆಟ್ಟಿಗೆಯೊಂದು ಬಂದಿದೆ. ಎಲ್ಲರ ಕಡತಗಳೂ ದಿನಾ ಅದಕ್ಕೆ ನಕಲಾಗುತ್ತವೆ. ಬೆಳಿಗ್ಗೆ ನಾನು ಬರುವ ಹೊತ್ತಿಗೆ 'ನಕಲು ಯಶಸ್ವಿ' ಎಂಬ ಸಂದೇಶ ಕಾದಿರುತ್ತದೆ. ಹಳೆಯ ಯಂತ್ರವನ್ನು ಪೂರ್ತಿ ಅಳಿಸಿ, ಒರೆಸಿ ಒಂದು ಶಾಲೆಗೆ ಕೊಟ್ಟೆವು. ಮಕ್ಕಳು ಆಡಲಿ.

ನಿರ್ದೇಶಕರು ಕೋಣೆ ನೋಡಲು ಬಂದಿದ್ದರು. "ಎಲ್ಲಾ ಚೆನ್ನಾಗಿದೆ, ಇಲ್ಲಿ ಯಾಕಿಷ್ಟು ಚಳಿ?" ಎಂದು ಶಾಲು ಹೊದ್ದುಕೊಂಡು ಓಡಿದರು. ಆಯಮ್ಮ ಅಷ್ಟು ಹೊಗಳಿದ್ದೇ ದೊಡ್ಡದು.

ಗೆದ್ದ ಖುಷಿಯಲ್ಲಿ,
ಅಪ್ಪ

ಮಾರ್ಚ್ 4

ಅಪ್ಪಾ,

ಗೆದ್ದೆ ಬಿಡು. ನಿನ್ನ ಹತ್ತಿರ ವಾದ ಮಾಡುವುದಕ್ಕಿಂತ ಕಡಲಹಕ್ಕಿಗಳ ಹತ್ತಿರ ಮಾಡಬಹುದು.

ನನ್ನ ಕೆಲಸ ಮುಗಿಯುತ್ತಾ ಬಂತು. ಬಂದರಿನ ಬಾಯಲ್ಲಿ ಮರಳು ಯಾವ ದಿಕ್ಕಿಗೆ ಸರಿಯುತ್ತದೆ ಎನ್ನುವುದು ಕೊನೆಗೂ ಸ್ಪಷ್ಟವಾಗಿ ಕಾಣುತ್ತಿದೆ. ಮೊದಲ ಚಿತ್ರ ಪರದೆಯ ಮೇಲೆ ಮೂಡಿದಾಗ ನಾನು ಕುರ್ಚಿಯಿಂದೆದ್ದು ಕುಣಿದೆ. ನಮ್ಮ ಮೆಕ್ಯಾನಿಕ್ ಜನರೇಟರಿಗೆ ಏನಾಯಿತೋ ಎಂದು ಓಡಿಬಂದ. ಇದನ್ನು ಒಪ್ಪಿಸಿದರೆ ಮುಂದಿನ ಅಧ್ಯಯನದ ಮುಂದಾಳತ್ವ ನನಗೇ ಎಂದು ನಿರ್ದೇಶಕರು ಮಾತು ಕೊಟ್ಟಿದ್ದಾರೆ. ಜುಲೈಗೆ ಮನೆ. ನನ್ನ ಕೋಣೆಯಲ್ಲಿ ನೀನು ತುಂಬಿಸಿಟ್ಟಿರುವ ಹಳೆ ಕೇಬಲ್ಲುಗಳನ್ನು ಅಷ್ಟರೊಳಗೆ ತೆಗೆಸು.

ಕುಣಿಯುತ್ತಿರುವ,
ಮಗಳು

ಏಪ್ರಿಲ್ 14

ಮಗಳಿಗೆ,

ನಿನ್ನ ಕಾಗದ ತಲುಪಿತು. ನಾವು ಚೆನ್ನಾಗಿದ್ದೇವೆ. ಇಲ್ಲಿ ಸೆಖೆ ಜಾಸ್ತಿಯಾಗಿದೆ. ಬಚ್ಚಲಿನ ನಲ್ಲಿ ಸೋರುತ್ತಿತ್ತು, ರಿಪೇರಿ ಮಾಡಿಸಿದೆ. ನಿನ್ನ ಕೋಣೆಯ ಕೇಬಲ್ಲುಗಳನ್ನು ತೆಗೆಸಿ ಗೋಡೆಗೆ ಸುಣ್ಣ ಹೊಡೆಸಿದ್ದೇನೆ, ಕಿಟಕಿಗೂ ಬಣ್ಣವಾಯಿತು.

ಸರ್ವರಿಗೆ ಸ್ವಲ್ಪ ತೊಂದರೆಯಾಗಿತ್ತು. ಅದರ ವಿಷಯ ನಿರ್ದೇಶಕರೇ ನಿಮಗೆಲ್ಲ ಬರೆಯುತ್ತಾರೆ. ಆರೋಗ್ಯ ನೋಡಿಕೋ.

ಅಪ್ಪ

ಇದನ್ನು ಅಂಚೆಗೆ ಹಾಕುವ ಮುಂಚೆ ಈ ಮೂಲೆಯಲ್ಲಿ ನಾನು ಬರೆಯುತ್ತಿದ್ದೇನೆ. ನಿಮ್ಮಪ್ಪ ಸರಿಯಾಗಿ ಊಟ ಮಾಡುತ್ತಿಲ್ಲ, ಕೇಳಿದರೆ ರೇಗುತ್ತಾರೆ. ಸುಣ್ಣ ತಾವೇ ಹೊಡೆದರು, ಏಣಿ ಹತ್ತಿ. ನಿನಗೇನಾದರೂ ಹೇಳಿದ್ದಾರಾ? ಅಮ್ಮ.

ಮೇ 5

ಅಪ್ಪಾ,

ನಿರ್ದೇಶಕರ ಪತ್ರ ಬಂತು. ನೀನು 'ಸ್ವಲ್ಪ ತೊಂದರೆ' ಎಂದು ಬರೆದದ್ದು ನನ್ನನ್ನು ನೋಯಿಸಬಾರದೆಂದೇ ಅಂತ ಅರ್ಥವಾಯಿತು. ಎಲ್ಲ ಹೋಗಿದೆ. ಸೋಸಿದ ಅಂಕಿಗಳು, ಮರಳಿನ ಚಿತ್ರಗಳು, ಒಂದೂ ಉಳಿದಿಲ್ಲ. ಓದಿ ಹೊರಗೆ ಹೋಗಿ ಬಂಡೆಯ ಮೇಲೆ ಕೂತೆ. ಅಳು ಬರಲಿಲ್ಲ.

ಪತ್ರದಲ್ಲಿ ಇನ್ನೊಂದು ಮಾತಿದೆ. ಹೊಸ ಸರ್ವರಿನಲ್ಲಿರುವ ತಮ್ಮ ಕಡತಗಳ ಒಂದು ಪ್ರತಿಯನ್ನು ಪ್ರತಿಯೊಬ್ಬರೂ ತಮ್ಮ ಹತ್ತಿರವೇ ಇಟ್ಟುಕೊಳ್ಳಬೇಕೆಂದು ಕಂಪ್ಯೂಟರ್ ಕೋಣೆಯಿಂದ ಫೆಬ್ರವರಿಯಲ್ಲೇ ಸೂಚನೆ ಬಂದಿತ್ತಂತೆ. ಉಳಿದವರ ಹತ್ತಿರ ಹೇಗೋ ಪ್ರತಿಗಳಿದ್ದವು. ನನ್ನ ಹತ್ತಿರ ಮಾತ್ರ ಇಲ್ಲ. ಸೂಚನೆ ನಿರ್ಲಕ್ಷಿಸಿದ್ದು ಯಾಕೆ ಎಂದು ವಿವರಣೆ ಕೇಳಿದ್ದಾರೆ.

ನನಗೆ ಆ ಸೂಚನೆ ನೋಡಿದ ನೆನಪೇ ಇಲ್ಲ ಅಪ್ಪ. ಇಲ್ಲಿನ ಕಂಪ್ಯೂಟರಿನಲ್ಲಿ ಉಳಿದಿರುವ ಸಂದೇಶಗಳನ್ನೆಲ್ಲ ಜಾಲಾಡಿದೆ, ಸಿಗಲಿಲ್ಲ. ಬೇರೆ ಯಾವುದರದೋ ಜೊತೆ ಅಳಿಸಿಬಿಟ್ಟೆನೋ ಏನೋ. ನೀನು ಕಳಿಸಿದ್ದೇನೆ ಅಂದಮೇಲೆ ಕಳಿಸಿರುತ್ತೀಯ. ನಿನ್ನ ಮಗಳೇ ನಿನ್ನ ಸೂಚನೆ ಓದಲಿಲ್ಲ ಎಂದು ಅಲ್ಲಿ ಎಲ್ಲರೂ ಆಡಿಕೊಳ್ಳುತ್ತಿರಬೇಕು. ನಿವೃತ್ತಿಯ ಹೊತ್ತಿನಲ್ಲಿ ನಿನ್ನ ಮಾನ ಕಳೆದೆ. ನನ್ನನ್ನು ಕ್ಷಮಿಸಿಬಿಡು.

ನಿನ್ನ,
ಮಗಳು

ಮೇ 12

ಮಗಳಿಗೆ,

ಕಾಗದ ಓದಿದೆ. ಆದದ್ದು ಆಯಿತು, ಮನಸ್ಸಿಗೆ ಹಚ್ಚಿಕೊಳ್ಳಬೇಡ. ನನ್ನ ಹತ್ತಿರ ಕ್ಷಮೆ ಕೇಳುವುದೇನಿದೆ, ನಾನು ಆಗಲೇ ಮರೆತಿದ್ದೇನೆ. ವಿವರಣೆಯನ್ನು ಚಿಕ್ಕದಾಗಿ ಬರೆದು ಕಳಿಸು. ಉದ್ದಕ್ಕೆ ಬರೆದಷ್ಟೂ ಕೆದಕುತ್ತಾರೆ.

ಅಮ್ಮ ಚಡಪಡಿಸುತ್ತಿದ್ದಾಳೆ. ಅವಳಿಗೆ ಬೇರೆಯಾಗಿ ಬರೆ.

ಅಪ್ಪ

ಜೂನ್ 2

ಅಪ್ಪಾ,

ನೀನು ಹೇಳಿದ ಹಾಗೆ ಚಿಕ್ಕದಾಗಿ ಬರೆದೆ. 'ಸೂಚನೆ ನನ್ನ ಗಮನಕ್ಕೆ ಬರದಿದ್ದುದು ನನ್ನ ಅಜಾಗರೂಕತೆ' ಎಂದು ಸಹಿ ಹಾಕಿದೆ. ಉತ್ತರವೂ ಬಂದಾಯಿತು. ಮರಳಿನ ಅಧ್ಯಯನವನ್ನು ಬೇರೆಯವರ ಕೈಗೆ ಕೊಡುತ್ತಾರಂತೆ. ಮುಂದಿನ ದೋಣಿಗೋ ಅದರ ಮುಂದಿನದಕ್ಕೋ ಅವರು ಬರುತ್ತಾರೆ, ನಾನು ಎಲ್ಲವನ್ನೂ ತೋರಿಸಿಕೊಟ್ಟು ಹೊರಡಬೇಕು. ಮುಂದಾಳತ್ವದ ಮಾತು ಯಾರೂ ಎತ್ತಿಲ್ಲ. ನಾನೂ ಕೇಳಿಲ್ಲ, ಯಾವ ಮುಖ ಇಟ್ಟುಕೊಂಡು ಕೇಳಲಿ?

ಇಲ್ಲಿ ನನಗೆ 'ಮರೆಗುಳಿ ಮೇಡಂ' ಎಂದು ಹೆಸರು ಬಿದ್ದಿದೆ. ಅಡುಗೆಯವನು, "ಮೇಡಂ, ಉಪ್ಪು ಹಾಕಿದೀನಿ ಅಂತ ನೆನಪಿಟ್ಕೊಳ್ಳಿ, ಮತ್ತೆ ಹಾಕ್ಕೋಬೇಡಿ" ಅನ್ನುತ್ತಾನೆ. ಎಲ್ಲರೂ ನಗುತ್ತಾರೆ, ನಾನೂ ನಗುತ್ತೇನೆ. ಕೆಟ್ಟ ಜನರಲ್ಲ, ನನ್ನ ಮುಖ ಬಾಡಿರುವುದನ್ನು ನೋಡಿ ನಗಿಸಲು ಹಾಗೆ ಮಾಡುತ್ತಾರೆ. ಆದರೆ ಈಗೀಗ ನನಗೆ ನನ್ನ ಮೇಲೇ ನಂಬಿಕೆ ಹೊರಟುಹೋಗಿದೆ. ಬಾಗಿಲು ಹಾಕಿದೆನೇ ಎಂದು ಮತ್ತೆ ಹೋಗಿ ನೋಡುತ್ತೇನೆ. ಅಂಕಿ ಬರೆದಮೇಲೆ ಇನ್ನೊಬ್ಬರನ್ನು ಕರೆದು ಸರಿ ಇದೆಯಾ ಅನ್ನುತ್ತೇನೆ.

ನೀನು ಬೈದಿದ್ದರೆ ಚೆನ್ನಾಗಿತ್ತು. ನೀನು ಬೈಯದಿರುವುದೇ ಕಷ್ಟವಾಗಿದೆ.

ಮಗಳು

ಜೂನ್ 9

ಮಗಳೇ,

ಅಂಥ ಸೂಚನೆಯನ್ನು ನಾನು ಯಾರಿಗೂ ಕಳಿಸಿಲ್ಲ. ಇಲ್ಲದ ಸಂದೇಶವನ್ನು ನೀನು ಹುಡುಕಿದೆ.

ಈ ಮಾತು ಮೊದಲು ಬರೆದುಬಿಟ್ಟೆ, ಇಲ್ಲವಾದರೆ ಮತ್ತೆ ನಲ್ಲಿ, ಸುಣ್ಣ ಎಂದು ಎಲ್ಲೆಲ್ಲೋ ಹೋಗುತ್ತೇನೆ. ನಿನ್ನ ವಿವರಣೆಯನ್ನು ನಿರ್ದೇಶಕರು ನನ್ನ ಮೇಜಿನ ಮೇಲಿಟ್ಟು, "ಪಾಪ, ಒಪ್ಕೊಂಡಿದಾಳೆ. ಮನೇಲಿ ನೀವು ಬೈಬೇಡಿ" ಅಂದರು. ಆಗಲೂ ನಾನು ಬಾಯಿ ಬಿಡಲಿಲ್ಲ. ತಲೆಯಾಡಿಸಿದೆ. ನೀನು ಬಾಗಿಲು ಹಾಕಿದೆನೇ ಎಂದು ಹೋಗಿ ಹೋಗಿ ನೋಡುತ್ತೀ ಎಂದು ಓದಿದಮೇಲೆ ತಡೆಯಲಾಗಲಿಲ್ಲ.

ನಡೆದದ್ದು ಇಷ್ಟು. ಮಾರ್ಚ್ ಕೊನೆಯಲ್ಲಿ ಸರ್ವರಿನ ತಂತ್ರಾಂಶ ಕೆಟ್ಟು ಯಂತ್ರ ಏಳಲೇ ಇಲ್ಲ. ಹೊಸದಾಗಿ ಹಾಕಬೇಕಾಯಿತು. ಡಿಸ್ಕ್ ಒಂದೇ ಭಾಗವಾಗಿದ್ದರಿಂದ ಪೂರ್ತಿ ಅಳಿಸದೆ ಬೇರೆ ದಾರಿಯಿರಲಿಲ್ಲ. ನನಗೇನು ಹೆದರಿಕೆ, ಬ್ಯಾಕಪ್ ಇದೆಯಲ್ಲ! 'ಎಲ್ಲವನ್ನೂ ಅಳಿಸಲೇ?' ಎಂದು ಪರದೆ ಕೇಳಿತು. ಶಿಳ್ಳೆ ಹಾಕುತ್ತಾ ಒತ್ತಿದೆ. ತಂತ್ರಾಂಶ ಕೂರಿಸಿ ಬ್ಯಾಕಪ್ ಪೆಟ್ಟಿಗೆಯನ್ನು ತೆರೆದರೆ ಅದು ಖಾಲಿ. ತಂದ ದಿನ ಹೇಗಿತ್ತೋ ಹಾಗೇ ಇತ್ತು.

ಪೆಟ್ಟಿಗೆಯನ್ನು ಯಂತ್ರಕ್ಕೆ ತಂತಿಯಿಂದ ಜೋಡಿಸಿದ್ದೆ, ಹಸಿರು ದೀಪವೂ ಉರಿಯುತ್ತಿತ್ತು. ಆದರೆ ಸರ್ವರಿನ ಒಳಗೆ 'ಬ್ಯಾಕಪ್' ಎಂಬ ಫೋಲ್ಡರ್ ಮಾಡಿದ್ದೆ, ಅದಕ್ಕೆ ಬಂದದ್ದನ್ನು ಪೆಟ್ಟಿಗೆಗೆ ಕಳಿಸುವ ಆದೇಶದ ಒಂದು ಸಾಲನ್ನು ಬರೆಯುವುದು ಮಾತ್ರ ಮರೆತಿದ್ದೆ. ಹಾಗಾಗಿ ದಿನಾ ನಕಲಾಗಿ ಹೋಗುತ್ತಿದ್ದದ್ದು ಅದೇ ಡಿಸ್ಕಿನೊಳಗಿನ ಬರೀ ಫೋಲ್ಡರಿಗೆ. ಮೂಲವೂ ಅಲ್ಲೇ, ನಕಲೂ ಅಲ್ಲೇ, ಎರಡನ್ನೂ ಒಟ್ಟಿಗೆ ಅಳಿಸಿದೆ. ಕೆಲಸಕ್ಕೆ ಸೇರಿದ ಪ್ರತಿಯೊಬ್ಬರಿಗೂ 'ಈ ತಪ್ಪು ಮಾಡಬೇಡಿ' ಎಂದು ಮೊದಲು ಹೇಳಿಕೊಡುತ್ತಿದ್ದದ್ದು ಇದನ್ನೇ. ನೀನು ಹೇಳಿದ ಹಾಗೆ ಭಾಗ ಮಾಡಿದ್ದರೆ ಆ ಫೋಲ್ಡರ್ ತಂತ್ರಾಂಶದ ಚಿಕ್ಕ ಭಾಗದಲ್ಲಿರುತ್ತಿತ್ತು, ನಕಲುಗಳು ಅಲ್ಲಿ ಹಿಡಿಯುತ್ತಲೇ ಇರಲಿಲ್ಲ, ಮೊದಲ ವಾರವೇ ಅದು ತುಂಬಿ ಯಂತ್ರ ಬೊಬ್ಬೆ ಹೊಡೆಯುತ್ತಿತ್ತು, ನನಗೆ ತಪ್ಪು ಕಾಣುತ್ತಿತ್ತು. ಗೋಡೆಯಿಲ್ಲದ ದೊಡ್ಡ ಡಿಸ್ಕು ಎಲ್ಲವನ್ನೂ ಸದ್ದಿಲ್ಲದೆ ನುಂಗಿಕೊಂಡಿತು.

ಇಷ್ಟೇ ಆಗಿದ್ದರೆ ಕೈತಪ್ಪು ಅನ್ನಬಹುದಿತ್ತು. ಮುಂದಿನದು ಕೈತಪ್ಪಲ್ಲ. ಸಭೆ ಕರೆದರು. ಉದ್ದ ಮೇಜು, ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದಾರೆ. ಬ್ಯಾಕಪ್ ಡಿಸ್ಕ್ ಕೆಟ್ಟಿತ್ತು ಎಂದೆ. ಒಬ್ಬರು, "ನಿಮ್ಮ ಪ್ರತಿ ನೀವೇ ಇಟ್ಕೊಳ್ಳಿ ಅಂತ ನಮಗೆ ಯಾರೂ ಹೇಳಲೇ ಇಲ್ವಲ್ಲ?" ಎಂದು ಕೇಳಿದರು. ಹೇಳಿದ್ದೆ, ಸೂಚನೆ ಕಳಿಸಿದ್ದೆ ಅಂದುಬಿಟ್ಟೆ. ಮೇಲ್‌ಗಳೂ ಅದೇ ಡಿಸ್ಕಿನಲ್ಲಿ ಹೋಗಿದ್ದವು, ಸಂಸ್ಥೆಯಲ್ಲಿ ಯಾರೂ ತೆಗೆದು ನೋಡುವ ಹಾಗಿರಲಿಲ್ಲ. ಆದರೂ ಅವರಿಗೆ ಅನುಮಾನ ಹೋಗಲಿಲ್ಲ. ಆಗ ನಾನು, "ನನ್ನ ಸ್ವಂತ ಮಗಳಿಗೇ ಕಳಿಸಿದೀನಿ ಸ್ವಾಮಿ. ಅವಳೇ ಓದ್ಲಿಲ್ಲ ಅಂದ್ರೆ ನಾನೇನು ಮಾಡ್ಲಿ?" ಎಂದೆ. ಎಲ್ಲರೂ ನಕ್ಕರು. ಮಗಳ ಮೇಲೆ ಯಾರಾದರೂ ಸುಳ್ಳು ಹೇಳುತ್ತಾರೆಯೇ? ನಂಬಿದರು. ನಿರ್ದೇಶಕರು ನನ್ನ ಕಡೆ ಟೀ ಲೋಟ ಸರಿಸಿದರು. ಕುಡಿದೆ.

ನೆಲ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿದ್ದು ಆ ಸಭೆಯಲ್ಲಿ ಅಲ್ಲ. ನಿನ್ನ ಮೇ ತಿಂಗಳ ಕಾಗದ ಬಂದಾಗ. ನೀನು ಕ್ಷಮಿಸು ಅಂದಿದ್ದೆ. ನಾನು ಕೂತು, ಪೆನ್ನು ತೆಗೆದುಕೊಂಡು, ಆಗಲೇ ಮರೆತಿದ್ದೇನೆ ಎಂದು, ಕ್ಷಮಿಸಿದವನ ಹಾಗೆ ಬರೆದೆ. ನಾನು ಇಂಥವನು ಎಂದು ನನಗೆ ಗೊತ್ತಿರಲಿಲ್ಲ.

ಈ ಬೆಳಿಗ್ಗೆ ನಿರ್ದೇಶಕರ ಹತ್ತಿರ ಹೋಗಿ ಎಲ್ಲ ಹೇಳಿದೆ. ಆಯಮ್ಮ, "ಮಗಳ ಕೆಲಸ ಉಳಿಸೋ ದಾರಿ ನಾನು ನೋಡ್ತೀನಿ. ಇದನ್ನ ಬರಹದಲ್ಲಿ ತರೋದು ಬೇಡ, ನೀವು ಮರ್ಯಾದೆಯಿಂದ ಹೊರಡಿ" ಅಂದರು. ಸುಳ್ಳು ಯಾಕೆ, ಆಗಲಿ ಅಂದೆ. ಕೈಮುಗಿದು ಹೊರಗೆ ಬಂದು, ಮೆಟ್ಟಿಲಿಳಿದು, ಕ್ಯಾಂಟೀನಿನವರೆಗೂ ಹೋದೆ. ಬೆನ್ನ ಮೇಲಿನ ಭಾರ ಇಳಿದಂತೆಯೇ ಇತ್ತು. ಆಮೇಲೆ ನಿನ್ನ ಸಹಿಯಿದ್ದ ಆ ಹಾಳೆ ಬರಹದಲ್ಲೇ ಉಳಿಯುತ್ತದಲ್ಲ ಎಂದು ಹೊಳೆಯಿತು. ವಾಪಸು ಹೋಗಿ, ನಿಂತುಕೊಂಡೇ ಬರೆದುಕೊಟ್ಟೆ. ನಿಮ್ಮ ದ್ವೀಪಕ್ಕೂ ತಿದ್ದುಪಡಿ ಕಳಿಸಲೇಬೇಕೆಂದು ಹಟ ಹಿಡಿದೆ.

ಮಧ್ಯಾಹ್ನವೇ ಡಿಸ್ಕನ್ನು ಮತ್ತೆ ಪಾರ್ಟಿಷನ್ ಮಾಡಿದರು. ನಾನು ಕೈಹಾಕಲಿಲ್ಲ. ಪಕ್ಕದ ವಿಭಾಗದವರು ಬಂದು ತಂತ್ರಾಂಶಕ್ಕೆ ಬೇರೆ, ಕಡತಗಳಿಗೆ ಬೇರೆ ಮಾಡಿಕೊಟ್ಟರು. ನಾನು ಬಾಗಿಲ ಹತ್ತಿರ ನಿಂತು ನೋಡಿದೆ. ತಾತ ಎಂದು ಯಾರೂ ಕರೆಯಲಿಲ್ಲ, ಸರ್ ಅಂದರು.

ಅಮ್ಮನಿಗೂ ಹೇಳಿದೆ. ಒಗೆದ ಬಟ್ಟೆ ಮಡಚುತ್ತಿದ್ದಳು. ಕೈಯಲ್ಲಿದ್ದ ನನ್ನ ಅಂಗಿಯನ್ನು ಮಡಚದೆ ಕೆಳಗಿಟ್ಟು ಎದ್ದುಹೋದಳು.

ಕ್ಷಮಿಸು ಎಂದು ಬರೆಯಲು ನನಗೆ ಮುಖವಿಲ್ಲ ಮರೀ.

ಅಪ್ಪ

ಜುಲೈ 1

ಅಪ್ಪ,

ಡಿಸ್ಕಿನ ವಿಷಯಕ್ಕೆ ನನಗೆ ಕೋಪವಿಲ್ಲ. ಆ ಸಾಲನ್ನು ನಾನೂ ಮರೆತೇನು, ಯಾರಾದರೂ ಮರೆತಾರು. ಸಭೆಯಲ್ಲಿ ನನ್ನ ಹೆಸರು ಹೇಳಿದೆಯಲ್ಲ, ಅದಕ್ಕೆ ಕೋಪವಿದೆ. ಅದಕ್ಕಿಂತ ಹೆಚ್ಚು ಆ ಮೇ ತಿಂಗಳ ಕಾಗದಕ್ಕೆ. ನಾನು ಕ್ಷಮೆ ಕೇಳಿದರೆ ನೀನು ಕ್ಷಮಿಸಿಬಿಟ್ಟೆ! ಅದು ಹೇಗೆ ಸಾಧ್ಯವಾಯಿತು ನಿನಗೆ?

ತಿದ್ದುಪಡಿ ಪತ್ರ ಇದೇ ದೋಣಿಯಲ್ಲಿ ಬಂತು. ಕೆಲಸ ನನ್ನ ಕೈಯಲ್ಲೇ ಉಳಿಯಿತು, ಬೇರೆಯವರು ಬರುವುದಿಲ್ಲ. ಮೊದಲಿನಿಂದ ಸೋಸಬೇಕು, ಹಾಗಾಗಿ ನಾನು ಮನೆಗೆ ಬರುವುದು ಈಗಲ್ಲ. ಇನ್ನೆರಡು ವರ್ಷ ಇಲ್ಲೇ.

ಸಂಸ್ಥೆಯಿಂದ ಬಂದ ಪತ್ರಗಳನ್ನು ಊಟದ ಕೋಣೆಯ ಹಲಗೆಗೆ ಹಚ್ಚಬೇಕು, ಅದು ಇಲ್ಲಿನ ಪದ್ಧತಿ. ಹಚ್ಚಿದೆ. ಅದರಲ್ಲಿ ನಿನ್ನ ಹೆಸರು, ಹುದ್ದೆ, ನೀನು ಹೇಳಿದ ಸುಳ್ಳು ಎಲ್ಲ ಇದೆ. ನೀನು ಯಾರೆಂದು ಇವರಿಗೆ ಗೊತ್ತಿಲ್ಲ. ಅಪ್ಪನ ಕೃಪೆಯಿಂದ ಕೆಲಸ ಸಿಕ್ಕಿತು ಎಂದು ಆಡಿಕೊಂಡಾರೆಂದು ನಾನು ಯಾವತ್ತೂ ಹೇಳಿರಲಿಲ್ಲ. ಅಡುಗೆಯವನು ಕೈ ಒರೆಸಿಕೊಳ್ಳುತ್ತಾ ಬಂದು ಪೂರ್ತಿ ಓದಿದ. "ಅಯ್ಯೋ ಮೇಡಂ, ತಪ್ಪು ನಿಮ್ಮದಲ್ವೇ ಅಲ್ಲ! ಸುಮ್ಸುಮ್ನೆ ನಿಮ್ಮನ್ನ ಗೋಳು ಹೊಯ್ಕೊಂಡ್ವಲ್ಲ ನಾವು. ಎಂಥಾ ಆಸಾಮಿ ಇರಬೇಕು ಈ ಮನುಷ್ಯ! ನಿಮಗೆ ಗೊತ್ತಾ ಇವರು?" ಎಂದ.

ಗೊತ್ತಿಲ್ಲ ಅಂದೆ.

ಎಷ್ಟು ಸಲೀಸಾಗಿ ಬಂತು ಆ ಮಾತು! ಯೋಚನೆ ಮಾಡಲು ಸಮಯವೇ ಬೇಕಾಗಲಿಲ್ಲ. ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಇಷ್ಟು ದಿನ ಮಾಡದ ತಪ್ಪಿಗೆ ನಾಚಿಕೊಂಡಿದ್ದೆ, ಈಗ ಮಾಡಿದ್ದಕ್ಕೇ ನಾಚಿಕೆಯಾಯಿತು. ನೀನು ಸಭೆಯಲ್ಲಿ ಬಾಯಿ ತೆರೆದದ್ದು ಹೀಗೇ ಇರಬೇಕು ಅಂದುಕೊಂಡೆ. ಇದರಿಂದ ನನ್ನ ಕೋಪ ಇಳಿಯಿತು ಎಂದು ತಿಳಿಯಬೇಡ, ಇಳಿದಿಲ್ಲ.

ಎಲ್ಲರೂ ಊಟಕ್ಕೆ ಕೂತಾಗ ಹೇಳಿದೆ. "ಆ ಹಲಗೆ ಮೇಲಿರೋ ಪತ್ರದಲ್ಲಿ ಒಂದು ಹೆಸರಿದೆಯಲ್ಲ, ಅವರು ನಮ್ಮಪ್ಪ." ಯಾರೂ ತಟ್ಟೆಯಿಂದ ತಲೆ ಎತ್ತಲಿಲ್ಲ. ಅಡುಗೆಯವನು ಒಳಗೆ ಹೋದ. ಮೆಕ್ಯಾನಿಕ್ ನೀರಿನ ಜಗ್ಗನ್ನು ನನ್ನ ಕಡೆ ಸರಿಸಿದ.

ಮುಂದಿನ ದೋಣಿಗೆ ಕಾಗದ ಹಾಕಬೇಡ, ನನಗೆ ಓದಲಾಗುವುದಿಲ್ಲ. ಅದರ ಮುಂದಿನದಕ್ಕೆ ಹಾಕು.

ನಿನ್ನ ಮಗಳು